ಕೈಯಿಂದ ಕೈಗೆ ಕ್ಯಾಮೆರಾ

ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಹೊರಟ ಯಹೂದಿಗಳು 1930ರ ದಶಕದ ಕೊನೆಯಲ್ಲಿ ಜೊತೆಗೆ ಒಯ್ಯಬಹುದಾಗಿದ್ದ ನಗದು ಬರೀ 10 ಮಾರ್ಕ್. ಮನೆ, ಅಂಗಡಿ, ಬ್ಯಾಂಕಿನಲ್ಲಿಟ್ಟ ಹಣ ಎಲ್ಲವನ್ನೂ ಅಲ್ಲೇ ಬಿಟ್ಟು ಹಡಗು ಹತ್ತಬೇಕಿತ್ತು. ವೆಟ್ಸ್ಲಾರ್ ಊರಿನ ಲೈಕಾ ಕ್ಯಾಮೆರಾ ಕಾರ್ಖಾನೆಯ ಯಜಮಾನ ಎರ್ನ್ಸ್ಟ್ ಲೈಟ್ಸ್ ತನ್ನ ಯಹೂದಿ ನೌಕರರನ್ನೂ ಪರಿಚಯದವರನ್ನೂ ಕಂಪನಿಯ ಕೆಲಸದ ನೆಪದಲ್ಲಿ ನ್ಯೂಯಾರ್ಕಿನ ಕಚೇರಿಗೆ ಕಳಿಸತೊಡಗಿದ. ಬಂದಿಳಿದವರ ಕೊರಳಲ್ಲಿ ಹೊಸದೊಂದು ಲೈಕಾ ಇರುತ್ತಿತ್ತು. ಫೋಟೊ ತೆಗೆಯಲು ಬಾರದವನಿಗೂ ಅದು ಆಸ್ತಿಯೇ. ಅಂಗೈಯಲ್ಲಿ ಹಿಡಿಸುವ, ನಾಲ್ಕು ನೂರು ಚಿಲ್ಲರೆ ಗ್ರಾಂ ತೂಗುವ ಆ ಲೋಹದ ಪೆಟ್ಟಿಗೆಯನ್ನು ಯಾವ ದೊಡ್ಡ ಊರಿನಲ್ಲಾದರೂ ಮಾರಿ ಕೆಲವು ದಿನದ ಬಾಡಿಗೆ, ಊಟ ಹೊಂದಿಸಬಹುದಿತ್ತು. 1939ರ ಸೆಪ್ಟೆಂಬರಿನಲ್ಲಿ ಜರ್ಮನಿ ಪೋಲೆಂಡಿನ ಮೇಲೆ ದಂಡೆತ್ತಿ ಹೋಗಿ ಗಡಿಗಳು ಮುಚ್ಚುವ ತನಕ ಇದು ನಡೆಯಿತು.

ಬಳಸಿದ ಕ್ಯಾಮೆರಾದ ವ್ಯಾಪಾರಕ್ಕೆ ಇಂಥ ಗಂಭೀರ ಚರಿತ್ರೆ ಇದೆ ಎಂಬುದು ಇವತ್ತು ಮೊಬೈಲಿನಲ್ಲಿ ನಾಲ್ಕು ಫೋಟೊ ಹಾಕಿ "ಬೆಲೆ ಕೊನೆಗೆಷ್ಟು?" ಎಂಬ ಪ್ರಶ್ನೆಗೆ ಕಾಯುವವರಿಗೆ ಹೊಳೆಯುವುದಿಲ್ಲ. ಎಲ್ಲಿ ಮಾರುವುದು ಎಂಬ ತೊಳಲಾಟ ಮಾತ್ರ ಆಗಲೂ ಇತ್ತು, ಈಗಲೂ ಇದೆ. ಮಾರುವವನಿಗೆ ಕೊಳ್ಳುವವನ ಗುರುತಿಲ್ಲ. ಕೊಳ್ಳುವವನಿಗೆ ಪೆಟ್ಟಿಗೆಯೊಳಗಿನ ಶಟರು, ಲೆನ್ಸಿನ ಗಾಜು ಹೇಗಿವೆಯೋ ಗೊತ್ತಿಲ್ಲ. ಇಬ್ಬರ ನಡುವೆ ನಿಂತು ನಂಬಿಕೆ ಹುಟ್ಟಿಸುವವನು ಅದಕ್ಕೆ ತನ್ನ ಪಾಲು ಕೇಳುತ್ತಾನೆ. ನೂರೈವತ್ತು ವರ್ಷಗಳಲ್ಲಿ ಈ ಮಧ್ಯಸ್ಥನ ವೇಷ ಹಲವು ಸಲ ಬದಲಾಗಿದೆ. ಅವನಿಲ್ಲದೆ ವ್ಯಾಪಾರ ಚೆನ್ನಾಗಿ ನಡೆದ ಕಾಲ ಮಾತ್ರ ಒಂದೂ ಇಲ್ಲ.

1839ರಲ್ಲಿ ಪ್ಯಾರಿಸ್ಸಿನಲ್ಲಿ ಅಲ್ಫೋನ್ಸ್ ಜಿರೂ ಮಾರಿದ ಡಾಗೇರೋಟೈಪ್ ಕ್ಯಾಮೆರಾವೇ ಅಂಗಡಿಯಲ್ಲಿ ಸಿಕ್ಕ ಮೊದಲ ಕ್ಯಾಮೆರಾ. ಪರಿಕರಗಳ ಸಮೇತ ಅದರ ಬೆಲೆ 400 ಫ್ರಾಂಕ್, ಒಟ್ಟು ತೂಕ ಸುಮಾರು 50 ಕಿಲೊ. ಉಳ್ಳವರಷ್ಟೇ ಕೊಂಡರು. ಆದರೆ ಛಾಯಾಗ್ರಹಣದ ವಿಧಾನಗಳು ಬಹಳ ಬೇಗ ಹಳತಾದವು. ಬೆಳ್ಳಿ ಲೇಪದ ತಗಡು ಹೋಗಿ ಒದ್ದೆ ಗಾಜಿನ ಪ್ಲೇಟು ಬಂತು, ಅದು ಹೋಗಿ ಒಣ ಪ್ಲೇಟು, ಆಮೇಲೆ 1888ರಲ್ಲಿ ಕೊಡಕ್‌ನ ರೋಲು. ಪ್ರತಿ ಸಲವೂ ನಿನ್ನೆಯ ದುಬಾರಿ ಸರಂಜಾಮು ಅಟ್ಟ ಸೇರಿತು. ಅಟ್ಟದ ಮೇಲಿನ ಮಾಲಿಗೆ ಮಾರುಕಟ್ಟೆ ಬೇಕಾಯಿತು.

ಲಂಡನ್ನಿನಲ್ಲಿ 1868ರಲ್ಲಿ ಶುರುವಾದ 'ಎಕ್ಸ್‌ಚೇಂಜ್ ಅಂಡ್ ಮಾರ್ಟ್' ಎಂಬ ಪತ್ರಿಕೆಯಲ್ಲಿ ಬರೀ ಕೊಡು-ಕೊಳ್ಳುವ ಜಾಹೀರಾತುಗಳೇ. ಓದುಗರು ತಮಗೆ ಬೇಡವಾದದ್ದನ್ನು ಅದರಲ್ಲಿ ಮಾರಾಟಕ್ಕಿಡುತ್ತಿದ್ದರು. 2009ರವರೆಗೂ ಅದು ಅಚ್ಚಾಗುತ್ತಿತ್ತು. 1884ರಲ್ಲಿ ಹುಟ್ಟಿದ 'ಅಮೆಚೂರ್ ಫೋಟೊಗ್ರಾಫರ್' ವಾರಪತ್ರಿಕೆ ಹವ್ಯಾಸಿಗಳಿಗೆ ಕಲಿಸುವುದರ ಜೊತೆಗೆ ಅವರ ಹಳೇ ಕ್ಯಾಮೆರಾಗಳಿಗೂ ಪುಟ ಕೊಟ್ಟಿತು. ಆದರೆ ಬ್ರಿಸ್ಟಲ್‌ನಲ್ಲಿರುವವನು ಎಡಿನ್‌ಬರೋದ ಅಪರಿಚಿತನಿಗೆ ಮೊದಲು ಹಣ ಕಳಿಸಬೇಕೋ, ಅವನು ಮೊದಲು ಕ್ಯಾಮೆರಾ ಕಳಿಸಬೇಕೋ?

ಈ ಗಂಟಿಗೆ ಆ ಕಾಲದ ಪತ್ರಿಕೆಗಳು ಕಂಡುಕೊಂಡ ಪರಿಹಾರವನ್ನು ಇಂದಿನವರು ಗಮನವಿಟ್ಟು ನೋಡಬೇಕು. ಇಲಿಫ್ ಪ್ರಕಾಶನದ 'ವೈರ್‌ಲೆಸ್ ವರ್ಲ್ಡ್' ಎಂಬ ರೇಡಿಯೊ ಪತ್ರಿಕೆಯಂಥವುಗಳಲ್ಲಿ ವರ್ಗೀಕೃತ ಜಾಹೀರಾತುಗಳ ತಲೆಯ ಮೇಲೆ ಠೇವಣಿ ಪದ್ಧತಿಯ ನಿಯಮಗಳು ಅಚ್ಚಾಗಿರುತ್ತಿದ್ದವು. ಕೊಳ್ಳುವವನು ಹಣವನ್ನು ಪತ್ರಿಕೆಯ ಕಚೇರಿಯಲ್ಲಿ ಇಡಬೇಕು. ಹಣ ಬಂದಿದೆ ಎಂದು ಕಚೇರಿ ಇಬ್ಬರಿಗೂ ತಿಳಿಸುತ್ತದೆ. ಆಗ ಮಾರುವವನು ಮಾಲು ಕಳಿಸುತ್ತಾನೆ. ಕೈಸೇರಿದ ಮೇಲೆ ಪರೀಕ್ಷಿಸಿ ತೀರ್ಮಾನಿಸಲು ಮೂರು ದಿನ ಅವಕಾಶ. ಒಪ್ಪಿಗೆಯಾದರೆ ಹಣ ಮಾರಿದವನಿಗೆ, ಇಲ್ಲವಾದರೆ ಮಾಲು ವಾಪಸು, ಹಣವೂ ವಾಪಸು. ಇದಕ್ಕೆ ಸಣ್ಣದೊಂದು ಶುಲ್ಕ. ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ಕೇವಲ ಅಂಚೆ ಮತ್ತು ಲೆಕ್ಕದ ಪುಸ್ತಕದ ಬಲದಿಂದ ನಡೆದ ಈ ಏರ್ಪಾಡಿನಷ್ಟು ನ್ಯಾಯವಾದದ್ದು ಇವತ್ತಿಗೂ ಹಲವು ದೇಶಗಳ ಸಾಮಾನ್ಯ ಮಾರಾಟಗಾರನಿಗೆ ಸಿಗುತ್ತಿಲ್ಲ. ನಮ್ಮ ದೇಶವೂ ಅವುಗಳಲ್ಲಿ ಒಂದು.

ಎರಡನೇ ಮಹಾಯುದ್ಧ ಮುಗಿದಾಗ ಸೋತ ಜರ್ಮನಿಯಲ್ಲಿ ಮಾರ್ಕಿಗೆ ಬೆಲೆ ಉಳಿದಿರಲಿಲ್ಲ. 1948ರ ಜೂನಿನಲ್ಲಿ ಹೊಸ ನಾಣ್ಯ ಬರುವ ತನಕ ಅಮೆರಿಕನ್ ಸಿಗರೇಟೇ ಹಣದ ಕೆಲಸ ಮಾಡಿತು. ಸೈನಿಕರು ಸಿಗರೇಟಿನ ಪೆಟ್ಟಿಗೆ ಕೊಟ್ಟು ಜರ್ಮನರ ಮನೆಗಳಲ್ಲಿದ್ದ ಲೈಕಾ, ಕಾಂಟ್ಯಾಕ್ಸ್‌ಗಳನ್ನು ಕೊಂಡು ಊರಿಗೆ ಒಯ್ದರು. ಹಸಿದ ಕುಟುಂಬಗಳು ಏನು ಸಿಕ್ಕಿದರೆ ಅದಕ್ಕೆ ಕೊಟ್ಟವು. ಪರದೇಶದ ಅಟ್ಟಗಳಲ್ಲಿ ಈಗಲೂ ಸಿಗುವ ಎಷ್ಟೋ ಜರ್ಮನ್ ಕ್ಯಾಮೆರಾಗಳ ಮೊದಲ ಪಯಣ ಹೀಗೆ ಶುರುವಾದದ್ದು.

ಅಮೆರಿಕದಲ್ಲಿ ಈ ವ್ಯಾಪಾರಕ್ಕೆ ಅಚ್ಚುಕಟ್ಟು ಬಂದದ್ದು 1970ರ ದಶಕದಲ್ಲಿ. ಫ್ಲೋರಿಡಾದ ಗ್ಲೆನ್ ಪ್ಯಾಚ್ ಹಳದಿ ಕಾಗದದ ಮೇಲೆ 'ಶಟರ್‌ಬಗ್ ಆಡ್ಸ್' ಎಂಬ ಜಾಹೀರಾತು ಪತ್ರಿಕೆ ಹೊರಡಿಸಿದರು. ದೇಶದ ಒಂದು ಮೂಲೆಯ ಲೆನ್ಸಿಗೆ ಇನ್ನೊಂದು ಮೂಲೆಯಲ್ಲಿ ಗಿರಾಕಿ ಸಿಗತೊಡಗಿದ. ಹೀಗೆ ಸಿಕ್ಕವನಿಗೆ ಮಾಲಿನ ಸ್ಥಿತಿಯನ್ನು ದೂರದಿಂದಲೇ ತಿಳಿಸಲು ಒಂದು ಭಾಷೆ ಬೇಕಿತ್ತು. ಆ ಕೆಲಸ ಮಾಡಿದ್ದು 1979ರಲ್ಲಿ ಅಟ್ಲಾಂಟಾದಲ್ಲಿ ಆರಂಭವಾದ ಕೆಇಎಚ್. ಹಳೇ ಕ್ಯಾಮೆರಾ ಕೊಂಡು, ತಪಾಸಣೆ ಮಾಡಿ, ದರ್ಜೆ ಹಚ್ಚಿ ಮಾರುವುದು ಅದರ ಕಸುಬು. ಹೊಸದರಂತಿರುವುದಕ್ಕೆ ಒಂದು ಗುರುತು, ಉತ್ತಮಕ್ಕೆ ಒಂದು, 'ಬಾರ್ಗೇನ್' ಎಂದು ಒಂದು, ಕೆಟ್ಟದ್ದಕ್ಕೆ 'ಇದ್ದ ಹಾಗೆ' ಎಂದೇ ಒಂದು. ಕೆಇಎಚ್‌ನ ಬಾರ್ಗೇನ್ ದರ್ಜೆಯ ಮಾಲು ಬೇರೆಯವರ ಉತ್ತಮ ದರ್ಜೆಗೆ ಸಮ ಎಂಬ ಮಾತು ಛಾಯಾಗ್ರಾಹಕರಲ್ಲಿ ಬೆಳೆಯಿತು. ಸರಕನ್ನು ಹೊಗಳದೆ ಇರುವುದರಿಂದಲೇ ಹೆಸರು ಗಳಿಸಿದ ಅಂಗಡಿಯಿದು. ಮಾರಲು ಬಂದವನಿಗೆ ಅಲ್ಲಿ ಸಿಗುತ್ತಿದ್ದ ಬೆಲೆ ಕಡಿಮೆಯೇ. ಆದರೆ ಚೆಕ್ಕು ಬರುತ್ತಿತ್ತು, ತಕರಾರು ಬರುತ್ತಿರಲಿಲ್ಲ.

1995ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿಡ್ಯಾರ್ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಹರಾಜಿನ ತಾಣ ಮುಂದೆ ಇಬೇ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟದ್ದನ್ನೂ ಕೇಳುವವನು ಜಗತ್ತಿನಲ್ಲಿ ಎಲ್ಲೋ ಒಬ್ಬನಿದ್ದಾನೆ ಎಂಬ ಪಾಠ ಕ್ಯಾಮೆರಾ ಲೋಕಕ್ಕೆ ಬಹಳ ಬೇಗ ತಲುಪಿತು. ಬಿಡಿಭಾಗಕ್ಕಾಗಿ ಸತ್ತ ಬಾಡಿ ಹುಡುಕುವ ರಿಪೇರಿಯವನು, ಅಜ್ಜನ ಕ್ಯಾಮೆರಾಕ್ಕೆ ಮುಚ್ಚಳ ಹುಡುಕುವ ಮೊಮ್ಮಗ ಎಲ್ಲರೂ ಒಂದೇ ಸಂತೆಗೆ ಬಂದರು. ಮರುವರ್ಷ ಫೆಬ್ರವರಿಯಲ್ಲಿ ಒಮಿಡ್ಯಾರ್ ತಂದ 'ಫೀಡ್‌ಬ್ಯಾಕ್' ಏರ್ಪಾಡು ಮಧ್ಯಸ್ಥನ ಪಾತ್ರವನ್ನೇ ಬದಲಿಸಿತು. ಅಂಗಡಿಯವನ ಕಣ್ಣು ಅಥವಾ ಪತ್ರಿಕೆಯ ಕಚೇರಿ ಕೊಡುತ್ತಿದ್ದ ಭರವಸೆಯನ್ನು ಈಗ ಹಿಂದೆ ವ್ಯವಹರಿಸಿದ ನೂರಾರು ಅಪರಿಚಿತರ ಮಾತು ಕೊಡತೊಡಗಿತು. 2002ರಲ್ಲಿ 150 ಕೋಟಿ ಡಾಲರಿಗೆ ಪೇಪಾಲ್ ಕೊಂಡದ್ದರಿಂದ ಹಣದ ದಾರಿಯೂ ಇಬೇ ಕೈಗೆ ಬಂತು. ಆದರೆ ತಕ್ಕಡಿ ನಿಧಾನವಾಗಿ ಕೊಳ್ಳುವವನ ಕಡೆ ವಾಲಿತು. 2008ರಿಂದ ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವಂತಿಲ್ಲ. ಒಳ್ಳೆ ಲೆನ್ಸ್ ಕಳಿಸಿ ಕೆಟ್ಟ ಲೆನ್ಸ್ ವಾಪಸು ಪಡೆದೆ ಎಂಬ ದೂರುಗಳು ಮಾರಾಟಗಾರರಲ್ಲಿ ಸಾಮಾನ್ಯವಾದವು.

ಆ ಬೇಸರವೇ ಹೊಸ ಬಗೆಯ ಅಂಗಡಿಗೆ ದಾರಿ ಮಾಡಿತು. 2011ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಶುರುವಾದ ಎಂಪಿಬಿ ಯಾರನ್ನೂ ಯಾರಿಗೂ ಪರಿಚಯಿಸುವುದಿಲ್ಲ. ತಾನೇ ಕೊಳ್ಳುತ್ತದೆ, ತಾನೇ ಪ್ರತಿಯೊಂದರ ಫೋಟೊ ತೆಗೆದು ಮಾರುತ್ತದೆ. ಕೆಇಎಚ್ ಕಾಗದದ ಕಾಲದಲ್ಲಿ ಮಾಡಿದ್ದನ್ನೇ ಇದು ಇಂಟರ್ನೆಟ್ಟಿನ ಕಾಲದಲ್ಲಿ ಮಾಡುತ್ತಿದೆ. ವೈಯಕ್ತಿಕವಾಗಿ ಮಾರಿದರೆ ಬರುವ ಬೆಲೆಗೂ ಇಂಥ ಅಂಗಡಿ ಕೊಡುವ ಬೆಲೆಗೂ ದೊಡ್ಡ ಅಂತರವಿದೆ. ಆ ಅಂತರವನ್ನು ಅನೇಕರು ಮೋಸವೆಂದು ಬಗೆಯುತ್ತಾರೆ. ಅದು ಮೋಸವಲ್ಲ. ತಪಾಸಣೆ, ವಾರಂಟಿ, ಮಾರಾಟವಾಗದೆ ಉಳಿಯುವ ಮಾಲಿನ ನಷ್ಟ, ಎಲ್ಲಕ್ಕೂ ಮಿಗಿಲಾಗಿ ಮಾರುವವನ ನೆಮ್ಮದಿ, ಎಲ್ಲದರ ಖರ್ಚೂ ಅದರಲ್ಲಿದೆ.

ಜಪಾನಿನ ದಾರಿ ಬೇರೆ. ಅಲ್ಲಿ 1949ರಲ್ಲೇ ಹಳೇ ವಸ್ತುಗಳ ವ್ಯಾಪಾರಕ್ಕೆ ಪ್ರತ್ಯೇಕ ಕಾನೂನು ಬಂತು. ಕಳ್ಳಮಾಲು ಕೈ ಬದಲಿಸದಿರಲೆಂದು ವ್ಯಾಪಾರಿಗೆ ಪರವಾನಗಿ ಕಡ್ಡಾಯ, ಮಾರಲು ಬಂದವನ ಗುರುತು ಪರಿಶೀಲನೆ ಕಡ್ಡಾಯ. ಟೋಕಿಯೋದ ಗಿಂಜಾ, ಶಿಂಜುಕು, ನಕಾನೊ ಪ್ರದೇಶಗಳ ಗಾಜಿನ ಕಪಾಟುಗಳಲ್ಲಿ ಸಾಲಾಗಿ ಕೂತಿರುವ ಹಳೇ ಕ್ಯಾಮೆರಾಗಳ ಪಕ್ಕದ ಚೀಟಿಯಲ್ಲಿ ಗೀರು, ಧೂಳು, ಮಬ್ಬು ಎಲ್ಲವನ್ನೂ ಬರೆದಿರುತ್ತಾರೆ. ಇಬೇಯಲ್ಲಿ ಜಗತ್ತಿಗೆ ಕ್ಯಾಮೆರಾ ಮಾರುವವರಲ್ಲಿ ಜಪಾನೀಯರು ಇಷ್ಟು ಮಂದಿ ಇರುವುದಕ್ಕೆ ಈ ಹಿನ್ನೆಲೆ ಕಾರಣ.

ಭಾರತದ ಕಥೆ ಕೊರತೆಯ ಕಥೆ. 1950ರ ದಶಕದ ಕೊನೆಯಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದ ಮೇಲೆ ಆಮದು ಬಿಗಿಯಾಯಿತು. ಜಪಾನಿನ, ಜರ್ಮನಿಯ ಕ್ಯಾಮೆರಾ ಅಂಗಡಿಯಲ್ಲಿ ಹೊಸದಾಗಿ ಸಿಗುವುದು ಅಪರೂಪವಾಯಿತು. ದೇಶದೊಳಗೆ ತಯಾರಾಗುತ್ತಿದ್ದದ್ದು ಬರೋಡಾದ ಆಗ್ಫಾ ಕ್ಲಿಕ್ 3, ಐಸೊಲಿ, ಆಮೇಲೆ ಹಾಟ್‌ಶಾಟ್‌ನಂಥ ಸರಳ ಕ್ಯಾಮೆರಾಗಳು. ಸ್ಟುಡಿಯೋಗಳಿಗೆ ಕೇರಳದ ಆಲಪ್ಪುಳದಲ್ಲಿ ತೇಗದ ಮರ, ಹಿತ್ತಾಳೆಯಿಂದ ಮಾಡುತ್ತಿದ್ದ ವಾಗೀಶ್ವರಿ ಕ್ಯಾಮೆರಾ ಇತ್ತು. ರೋಲು ಬೇಕೆಂದರೆ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಎಂಬ ಹೆಸರಿನ ಫಿಲ್ಮ್. ಇವಿಷ್ಟರಿಂದ ಮದುವೆ ಮನೆ ನಡೆಯುತ್ತಿತ್ತು. ಬಂಡೀಪುರದ ಆನೆ, ರಂಗನತಿಟ್ಟಿನ ಹಕ್ಕಿ ಹಿಡಿಯಲು ಇವು ಸಾಲುತ್ತಿರಲಿಲ್ಲ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಬೆಂಗಳೂರನ್ನು ವನ್ಯಜೀವಿ ಛಾಯಾಗ್ರಹಣದ ಕೇಂದ್ರವಾಗಿಸಿದ್ದು ಈ ಕೊರತೆಯ ನಡುವೆಯೇ.

ಹೊಸದು ಸಿಗದ ದೇಶದಲ್ಲಿ ಹಳೆಯದೇ ಮಾರುಕಟ್ಟೆ. ಸರ್ಕಾರಕ್ಕೂ ಇದು ಗೊತ್ತಿತ್ತು. ವಿದೇಶಿ ಪ್ರವಾಸಿಗರು ತಂದ ಬೆಲೆಬಾಳುವ ಕ್ಯಾಮೆರಾ, ಲೆನ್ಸುಗಳನ್ನು ಕಸ್ಟಮ್ಸ್‌ನವರು ನಮೂದಿಸಿಕೊಂಡು, ವಾಪಸು ಹೋಗುವಾಗ ಅವನ್ನು ತೋರಿಸಲೇಬೇಕೆಂದು ಕಟ್ಟು ಮಾಡಿದ್ದರು. ಇಲ್ಲೇ ಮಾರಿಬಿಡುತ್ತಾರೆಂಬ ಅನುಮಾನ ಸುಳ್ಳಾಗಿರಲಿಲ್ಲ. ಗಲ್ಫ್‌ನಿಂದ ಊರಿಗೆ ಮರಳುವವರ ಪೆಟ್ಟಿಗೆಯಲ್ಲಿ ಯಾಶಿಕಾ, ನಿಕಾನ್‌ಗಳು ಮಂಗಳೂರು, ಭಟ್ಕಳಗಳಿಗೆ ಬಂದಿಳಿದವು. ಮದ್ರಾಸಿನಲ್ಲಿ ಬರ್ಮಾದಿಂದ ಮರಳಿದ ನಿರಾಶ್ರಿತರಿಗೆಂದು 1969ರಲ್ಲಿ ಎದ್ದ ಬರ್ಮಾ ಬಜಾರ್ ವಿದೇಶಿ ಮಾಲಿಗೆ ಹೆಸರಾಯಿತು. ಕೋಲ್ಕತ್ತದಲ್ಲಿ ಮೆಟ್ರೊ ಸಿನಿಮಾ ಪಕ್ಕದ ಮೆಟ್ರೊ ಗಲಿ, ದೆಹಲಿಯ ಚಾಂದನಿ ಚೌಕದ ಕೂಚಾ ಚೌಧರಿ, ಮುಂಬೈ ಕೋಟೆ ಪ್ರದೇಶದ ಬೋರಾ ಬಜಾರ್, ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಸಂತೆ ಹಳೇ ಕ್ಯಾಮೆರಾ ಹುಡುಕುವವರ ಬಾಯಲ್ಲಿದ್ದ ಹೆಸರುಗಳು. ಗಲಿಯ ವ್ಯಾಪಾರಿ ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಶಟರ್ ಒತ್ತುತ್ತಾನೆ. ಸದ್ದು ಎಳೆದಂತೆ ಕೇಳಿದರೆ ನಿಧಾನದ ಸ್ಪೀಡು ಕೆಟ್ಟಿದೆಯೆಂದು ಗೊತ್ತಾಗುತ್ತದೆ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬೆಲೆ ಅರ್ಧಕ್ಕಿಳಿಯಿತು. ಇವನ ಪಕ್ಕದಲ್ಲೇ ರಿಪೇರಿಯವನು ಕೂತಿರುತ್ತಾನೆ. ಕೊಡು-ಕೊಳ್ಳುವುದು, ಪರೀಕ್ಷೆ, ದುರಸ್ತಿ ಮೂರೂ ಒಂದೇ ಮಾಳಿಗೆಯ ಕೆಳಗೆ ನಡೆಯುವ ಈ ಗಲಿಗಳ ಜ್ಞಾನಕ್ಕೆ ನಮ್ಮಲ್ಲಿ ಸಲ್ಲಬೇಕಾದ ಗೌರವ ಸಂದಿಲ್ಲ. ಬಿಲ್ಲು ಕೇಳಿದರೆ ಸಿಗುವುದಿಲ್ಲ ಎಂಬ ದೋಷ ನಿಜ. ಆದರೆ ಮುಖ ನೋಡಿ ಮಾತಾಡಿ, ತಕರಾರಿದ್ದರೆ ನಾಳೆ ಅದೇ ಬಾಗಿಲಿಗೆ ಹೋಗಿ ನಿಲ್ಲಬಹುದು.

1991ರ ನಂತರ ಬಾಗಿಲು ತೆರೆಯಿತು. 2001ರ ಏಪ್ರಿಲ್ 1ಕ್ಕೆ ಆಮದಿನ ಪ್ರಮಾಣದ ಮೇಲಿದ್ದ ಕಟ್ಟುಗಳೂ ಹೋದವು. ಆ ಹೊತ್ತಿಗೆ ಇಂಟರ್ನೆಟ್ ಸಂತೆಯೂ ಬಂದಿತ್ತು. 2000ದಲ್ಲಿ ಹುಟ್ಟಿದ ಬಾಜಿ.ಕಾಮ್ ಅನ್ನು 2004ರಲ್ಲಿ ಇಬೇ 5 ಕೋಟಿ ಡಾಲರಿಗೆ ಕೊಂಡಿತು. ಅದರ 'ಪೈಸಾ ಪೇ' ವ್ಯವಸ್ಥೆಯಲ್ಲಿ ಕೊಳ್ಳುವವನ ಹಣ ಮಾಲು ತಲುಪುವ ತನಕ ಮಧ್ಯದಲ್ಲಿ ನಿಲ್ಲುತ್ತಿತ್ತು. ಲಂಡನ್ನಿನ ಪತ್ರಿಕೆಗಳ ಠೇವಣಿ ಪದ್ಧತಿಯ ತಿರುಳು ಭಾರತದ ಸಾಮಾನ್ಯನಿಗೆ ದಕ್ಕಿದ್ದು ಆಗ. ಹುಬ್ಬಳ್ಳಿಯಲ್ಲಿ ಕೂತವನು ಗುವಾಹಟಿಯವನಿಗೆ ಲೆನ್ಸ್ ಮಾರಬಹುದಿತ್ತು. 2017ರಲ್ಲಿ ಇಬೇ ಇಂಡಿಯಾ ಫ್ಲಿಪ್‌ಕಾರ್ಟ್ ಪಾಲಾಯಿತು, 2018ರ ಆಗಸ್ಟ್ 14ಕ್ಕೆ ಮುಚ್ಚಿತು. ಅದರ ಬೆನ್ನಿಗೇ ಫ್ಲಿಪ್‌ಕಾರ್ಟ್ ತೆರೆದ 2ಗುಡ್ ದುರಸ್ತಿ ಮಾಡಿದ ಮಾಲಿನ ತಾಣವಾಗಿತ್ತೇ ಹೊರತು ಮನೆಯಲ್ಲಿರುವ ಒಂದು ಲೆನ್ಸನ್ನು ಯಾರಾದರೂ ಮಾರಬಹುದಾದ ಜಾಗವಾಗಿರಲಿಲ್ಲ. ಬಿಡಿ ಮಾರಾಟಗಾರನಿಗೆ ಆದ ಆ ನಷ್ಟದ ಬಗ್ಗೆ ಆಗ ಯಾರೂ ದೊಡ್ಡದಾಗಿ ಬರೆಯಲಿಲ್ಲ. ಬರೆಯಬೇಕಿತ್ತು.

ಉಳಿದದ್ದು ಓಎಲ್ಎಕ್ಸ್, ಕ್ವಿಕರ್, 2017ರಿಂದ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್. ಇವು ಜಾಹೀರಾತಿನ ಗೋಡೆಗಳು. ಪರಿಚಯ ಮಾಡಿಸುತ್ತವೆ, ನಡುವೆ ನಿಲ್ಲುವುದಿಲ್ಲ. ಆ ಖಾಲಿ ಜಾಗಕ್ಕೆ ವಂಚಕರು ನುಗ್ಗಿದರು. ಸೈನಿಕನೆಂದು ಹೇಳಿಕೊಂಡು, ಸಮವಸ್ತ್ರದ ಫೋಟೊ ಕಳಿಸಿ, "ಹಣ ಹಾಕುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ" ಎಂದು ಮಾರುವವನ ಖಾತೆಯಿಂದಲೇ ಹಣ ಎಳೆದ ಪ್ರಕರಣಗಳು ದೇಶದ ತುಂಬ ದಾಖಲಾಗಿವೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಇನ್ನೊಂದು ಕಡೆ, ಸುಳ್ಳು ದಾಖಲೆ ಕೊಟ್ಟು ಬಾಡಿಗೆಗೆ ತಂದ ಕ್ಯಾಮೆರಾವನ್ನೇ ಮಾರಿಬಿಡುವ ಗುಂಪುಗಳನ್ನು ಬೆಂಗಳೂರಿನ ಪೊಲೀಸರು ಹಿಡಿದಿದ್ದಾರೆ. ಜಪಾನಿನ 1949ರ ಕಾನೂನು ತಡೆಯಲು ಹೊರಟದ್ದು ಇಂಥದ್ದನ್ನೇ.

ಬೆಲೆಯ ಮಾತು ಬಂದಾಗ ಮಾರುವ ಜಾಗದಷ್ಟೇ ಮಾರುವ ಕಾಲವೂ ಮುಖ್ಯ ಎಂಬುದಕ್ಕೆ ಕ್ಯಾನನ್ನಿನ ಎಫ್‌ಡಿ ಲೆನ್ಸುಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1987ರಲ್ಲಿ ಕ್ಯಾನನ್ ತನ್ನ ಲೆನ್ಸ್ ಕೂರಿಸುವ ಮೌಂಟ್ ಬದಲಿಸಿ ಇಎಫ್ ತಂದಿತು. ಹಳೇ ಎಫ್‌ಡಿ ಲೆನ್ಸು ಕೂರಲು ಫಿಲ್ಮಿನಿಂದ ಬೇಕಾದ ದೂರ 42 ಮಿಲಿಮೀಟರ್, ಹೊಸ ಬಾಡಿಯದು 44. ಆ ಎರಡು ಮಿಲಿಮೀಟರಿನಿಂದಾಗಿ, ನಡುವೆ ಇನ್ನೊಂದು ಗಾಜು ಸೇರಿಸದ ಹೊರತು, ದೂರದ ದೃಶ್ಯಕ್ಕೆ ಫೋಕಸ್ ಸಿಗುತ್ತಿರಲಿಲ್ಲ. ಒಂದೊಂದೇ ಕೂಡಿಟ್ಟು ಕೊಂಡ ಲೆನ್ಸುಗಳು ಬೆಲೆ ಕಳೆದುಕೊಂಡವು. ಬೇಸತ್ತವರು ಸಿಕ್ಕಷ್ಟಕ್ಕೆ ಕೊಟ್ಟರು. ಇಪ್ಪತ್ತು ವರ್ಷ ಕಳೆದು, 2008ರಲ್ಲಿ ಪ್ಯಾನಸೋನಿಕ್ ಜಿ1, 2010ರಲ್ಲಿ ಸೋನಿ ನೆಕ್ಸ್ ಬಂದವು. ಕನ್ನಡಿಯಿಲ್ಲದ ಈ ಕ್ಯಾಮೆರಾಗಳಲ್ಲಿ ಲೆನ್ಸಿನಿಂದ ಸೆನ್ಸರಿಗೆ ಇರುವ ದೂರ ಬಹಳ ಕಡಿಮೆ, ಸೋನಿಯಲ್ಲಿ ಬರೀ 18 ಮಿಲಿಮೀಟರ್. ಮಧ್ಯದಲ್ಲಿ ಒಂದು ಪೊಳ್ಳು ಉಂಗುರ ಹಾಕಿದರೆ ಜಗತ್ತಿನ ಹಳೇ ಲೆನ್ಸುಗಳೆಲ್ಲ ಜೀವ ತಳೆದವು. ಎಫ್‌ಡಿಗೆ ಮತ್ತೆ ಗಿರಾಕಿಗಳು ಬಂದರು.

ಫಿಲ್ಮ್ ಕ್ಯಾಮೆರಾಗಳಿಗೂ ಹೀಗೇ ಆಯಿತು. 2006ರಲ್ಲಿ ನಿಕಾನ್ ತನ್ನ ಹೆಚ್ಚಿನ ಫಿಲ್ಮ್ ಕ್ಯಾಮೆರಾಗಳನ್ನು ನಿಲ್ಲಿಸಿತು, 2012ರ ಜನವರಿಯಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. ಆ ವರ್ಷಗಳಲ್ಲಿ ಫಿಲ್ಮ್ ಬಾಡಿಗಳನ್ನು ಮನೆಯಿಂದ ಸಾಗಹಾಕಿದವರು ಲೆಕ್ಕವಿಲ್ಲದಷ್ಟು. 2017ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ರೂಪದರ್ಶಿ ಕೆಂಡಲ್ ಜೆನ್ನರ್ ಕಾಂಟ್ಯಾಕ್ಸ್ ಟಿ2 ತೋರಿಸಿದ್ದೇ ತಡ, ಆ ಪುಟ್ಟ ಕ್ಯಾಮೆರಾದ ಬೆಲೆ ಏರಿತು. ಅತ್ತ ಹೊಸ ಡಿಜಿಟಲ್ ಕ್ಯಾಮೆರಾಗಳ ಮಾರುಕಟ್ಟೆ 2010ರ 12 ಕೋಟಿಯಿಂದ 2023ರಲ್ಲಿ 77 ಲಕ್ಷಕ್ಕೆ ಕುಸಿದಿತ್ತು. ಕಡಿಮೆ ಹೊಸದು ಬರುವ ಜಗತ್ತಿನಲ್ಲಿ ಹಳೆಯದಕ್ಕೆ ಮತ್ತೆ ಮಾನ ಬಂತು. ಶ್ರೀಮಂತ ಸಂಗ್ರಾಹಕರ ಲೋಕ ಇದಕ್ಕೆ ಸೇರಿದ್ದಲ್ಲ. ಅಲ್ಲಿ ಜಿರೂನ 400 ಫ್ರಾಂಕಿನ ಪೆಟ್ಟಿಗೆ 2010ರಲ್ಲಿ ವಿಯೆನ್ನಾದಲ್ಲಿ 7,32,000 ಯೂರೋಗೆ ಹೋಯಿತು. ಲೈಕಾದ ಜನಕ ಓಸ್ಕರ್ ಬಾರ್ನಾಕ್ ಸ್ವತಃ ಬಳಸಿದ 105ನೇ ಸಂಖ್ಯೆಯ ಕ್ಯಾಮೆರಾಕ್ಕೆ 2022ರಲ್ಲಿ ಬಂದದ್ದು 1.44 ಕೋಟಿ ಯೂರೋ. ಈ ಸುದ್ದಿ ಓದಿ ಅಟ್ಟದ ಲೈಕಾ ಇಳಿಸುವವರು ಒಂದನ್ನು ನೆನಪಿಡಬೇಕು: ಸೋವಿಯತ್ ಕಾಲದ ಫೆಡ್, ಝೋರ್ಕಿ ಕ್ಯಾಮೆರಾಗಳ ಮೇಲೆ ಲೈಕಾ ಹೆಸರು ಕೆತ್ತಿದ ನಕಲಿಗಳು ಜಗತ್ತಿನ ತುಂಬ ಓಡಾಡುತ್ತಿವೆ.

ಹಾಗಾದರೆ ಕರ್ನಾಟಕದಲ್ಲಿ ಇವತ್ತು ಬಳಸಿದ ಕ್ಯಾಮೆರಾ ಮಾರುವವನಿಗೆ ದಾರಿ ಯಾವುದು? ಹೊಸ ತಲೆಮಾರಿನ ಬಾಡಿ, ಲೆನ್ಸ್ ಇದ್ದರೆ ಊರಿನ ಛಾಯಾಗ್ರಾಹಕರ ಬಳಗವೇ ಮೊದಲ ಸಂತೆ. ಬೆಂಗಳೂರಿನಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳಿವೆ, ಸಣ್ಣ ಊರುಗಳಲ್ಲೂ ಮದುವೆ ಫೋಟೊಗ್ರಾಫರುಗಳ ಒಕ್ಕೂಟಗಳಿವೆ. ಮಾಲನ್ನು ಬಲ್ಲವನು ಮೋಸ ಹೋಗುವುದೂ ಕಡಿಮೆ, ಮೋಸ ಮಾಡುವುದೂ ಕಡಿಮೆ. ಅವಸರವಿದ್ದರೆ, ಬೆಲೆ ಸ್ವಲ್ಪ ತಗ್ಗಿದರೂ, ಹಳೇ ಮಾಲು ತೆಗೆದುಕೊಳ್ಳುವ ಅಂಗಡಿಯೇ ಸರಿ. ಆನ್‌ಲೈನ್ ಜಾಹೀರಾತು ಗಿರಾಕಿಯನ್ನು ಹುಡುಕಲಷ್ಟೇ ಇರಲಿ. ಕೊಡು-ಕೊಳ್ಳುವುದು ಹಗಲಲ್ಲಿ, ನಾಲ್ಕು ಜನರಿರುವ ಕಡೆ, ಹಣ ಖಾತೆಗೆ ಬಂದದ್ದನ್ನು ಬ್ಯಾಂಕಿನ ಆ್ಯಪ್‌ನಲ್ಲೇ ನೋಡಿದ ಮೇಲೆ ಆಗಲಿ. ಬಾಡಿಯ ಸೀರಿಯಲ್ ನಂಬರ್, ಹಳೇ ಬಿಲ್ಲು, ಕೊಂಡವನ ಗುರುತಿನ ಚೀಟಿಯ ಒಂದು ಪ್ರತಿ ಇಟ್ಟುಕೊಳ್ಳಿ. ವಾಗೀಶ್ವರಿಯಂಥ ಸ್ಟುಡಿಯೋ ಕ್ಯಾಮೆರಾ ಮನೆಯಲ್ಲಿದ್ದರೆ ಹಿತ್ತಾಳೆಯ ತೂಕಕ್ಕೆ ಗುಜರಿಗೆ ಹಾಕುವ ಮುಂಚೆ ತಿಳಿದವರೊಬ್ಬರಿಗೆ ತೋರಿಸಿ. ಮಾರುವುದೇ ನಿಶ್ಚಯವಾದರೆ ಜೂನ್ ತಿಂಗಳಿಗೆ ಮುಂಚೆ ಮಾರಿ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಒಂದೇ ಮಳೆಗಾಲದ ತೇವ ಬೀರುವಿನಲ್ಲಿಟ್ಟ ಲೆನ್ಸಿಗೆ ಫಂಗಸ್ ಹಿಡಿಸಲು ಸಾಕು.